ಡಿಕ್ಕಿಯ ಮೇಲಿನ ಹೆಸರು, ಆರ್‌ಸಿಯೊಳಗಿನ ಅಂಕಿ

ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯಿ ಇಳಿಸಿ, ಸುಲಿದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಎಪಿಎಂಸಿಗೆ ಹಾಕಿ ದುಡ್ಡು ಕೈಗೆ ಬಂದ ಮೇಲೆ ನಮ್ಮ ಕಡೆ ಮೊದಲು ತೀರುವುದು ಸೊಸೈಟಿ ಸಾಲ, ಆಮೇಲೆ ಕೈಗಡ. ಅದೆಲ್ಲ ಕಳೆದು ಒಂದಿಷ್ಟು ಉಳಿದರೆ ಮನೆಯಲ್ಲಿ ಕಾರಿನ ಮಾತು ಏಳುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹೆಚ್ಚಿನ ರೈತರ ಮನೆಗಳಲ್ಲಿ ಕಾರೆಂದರೆ ಸೆಕೆಂಡ್ ಹ್ಯಾಂಡ್ ಕಾರು. ಅದರಲ್ಲೂ ಹಿಂದೆ ಡಿಕ್ಕಿ ಇರುವ ಸಣ್ಣ ಸೆಡಾನ್ ಆದರೆ ಮನೆಮಂದಿಗೆಲ್ಲ ಒಪ್ಪಿಗೆ. ಬೆಂಗಳೂರಿನ ಮಗಳ ಮನೆಗೆ ಹೊರಟರೆ ಒಂದು ಮೂಟೆ ತೆಂಗಿನಕಾಯಿ, ಒಂದು ಬಾಳೆಗೊನೆ, ಹತ್ತು ಸೇರು ರಾಗಿ ಹಿಟ್ಟು ಜೊತೆಗೆ ಹೋಗಲೇಬೇಕು. ಅದನ್ನೆಲ್ಲ ಸೀಟಿನ ಮೇಲೆ ಹೇರಿಕೊಂಡು ಹೋಗಲಾಗದು.

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಮೂರು ಲಕ್ಷದ ಹಳೇ ಕಾರು ಸುಮಾರು 25 ಕ್ವಿಂಟಾಲ್ ಕೊಬ್ಬರಿಯಾಯಿತು. ಎಷ್ಟೋ ಮನೆಗಳಲ್ಲಿ ಅದು ಒಂದಿಡೀ ವರ್ಷದ ಫಸಲಿಗಿಂತ ಹೆಚ್ಚು. ಇಷ್ಟು ದೊಡ್ಡ ಮೊತ್ತವನ್ನು ಕೊಡುವಾಗ ಡಿಕ್ಕಿಯ ಮೇಲೆ ಅಂಟಿಸಿದ ಹೆಸರೊಂದನ್ನೇ ನಂಬಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಕೊಬ್ಬರಿ ಕೊಳ್ಳುವವರು ಚೀಲದ ಮೇಲಿನ ಬರಹ ಓದಿ ರೇಟು ಕಟ್ಟುವುದಿಲ್ಲ; ಕೈಹಾಕಿ ಉಂಡೆ ತೆಗೆದು, ಒಡೆದು, ಒಳಗಿನ ಬಿಳುಪು ನೋಡುತ್ತಾರೆ. ಸಣ್ಣ ಸೆಡಾನ್ ಕೊಳ್ಳುವವರೂ ಹಾಗೆಯೇ ಒಳಗನ್ನು ನೋಡಬೇಕು. ಯಾಕೆಂದರೆ ವಾಹನ ಲೋಕದಲ್ಲಿ ಈ ಜಾತಿಯ ಕಾರಿಗೆ ಇರುವಷ್ಟು ಹೆಸರು ಬೇರೆ ಯಾವುದಕ್ಕೂ ಇಲ್ಲವೇನೋ.

ಮೊದಲು ನಮ್ಮ ರಾಜ್ಯದ್ದೇ ಕಾರು ನೋಡೋಣ. ತುರುವೇಕೆರೆಯಿಂದ ಮಾಯಸಂದ್ರ, ಯಡಿಯೂರು, ಕುಣಿಗಲ್ ಹಾದಿ ಹಿಡಿದರೆ ಅರ್ಧ ದಿನದೊಳಗೆ ತಲುಪಬಹುದಾದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. 1997ರಲ್ಲಿ ಹುಟ್ಟಿದ ಕಂಪನಿ. ಅಲ್ಲಿಂದ ಮೊದಲು ಹೊರಬಂದ ಗಾಡಿ ಕ್ವಾಲಿಸ್. ಮದುವೆ ದಿಬ್ಬಣ, ಧರ್ಮಸ್ಥಳ ಯಾತ್ರೆ, ಆಸ್ಪತ್ರೆಯ ತುರ್ತು ಎಲ್ಲಕ್ಕೂ ನಮ್ಮವರು ಬಾಡಿಗೆಗೆ ಹಿಡಿಯುತ್ತಿದ್ದ ಆ ಕ್ವಾಲಿಸ್ ವಂಶದ ಗಾಡಿ ಇಂಡೋನೇಷ್ಯಾದಲ್ಲಿ ಕಿಜಾಂಗ್ ಆಗಿತ್ತು, ಫಿಲಿಪ್ಪೀನ್ಸ್‌ನಲ್ಲಿ ರೆವೊ, ಮಲೇಷ್ಯಾದಲ್ಲಿ ಅನ್ಸರ್, ತೈವಾನಿನಲ್ಲಿ ಜೇಸ್. ಕೂತವರಿಗೆ ಇದೊಂದೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಸೆಡಾನ್ ವಿಷಯಕ್ಕೆ ಬಂದರೆ ಬಿಡದಿಯ ದೊಡ್ಡ ಹೆಸರು ಎಟಿಯೋಸ್. 2010ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಈ ಕಾರನ್ನು ಟೊಯೊಟಾ ಬೇರೆ ದೇಶದಿಂದ ತಂದು ಇಲ್ಲಿ ಜೋಡಿಸಲಿಲ್ಲ. ಭಾರತದ ರಸ್ತೆ, ಭಾರತದ ಕುಟುಂಬ, ಭಾರತದ ಜೇಬು ನೋಡಿಯೇ ರೂಪಿಸಿದ್ದು. ಮುಖ್ಯ ಎಂಜಿನಿಯರ್ ಯೋಶಿನೋರಿ ನೊರಿಟಾಕೆ. ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ, ಮುಂಗಾಜಿಗೆ ಒಂದೇ ವೈಪರ್, ಬಾಗಿಲಲ್ಲಿ ನೀರಿನ ಬಾಟಲಿಗೆ ದೊಡ್ಡ ಜಾಗ, ಹಿಂದೆ 595 ಲೀಟರ್ ಡಿಕ್ಕಿ. ಆ ಡಿಕ್ಕಿಯ ಅಳತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅದಕ್ಕಿಂತ ಉದ್ದದ, ಎಷ್ಟೋ ಹೆಚ್ಚು ಬೆಲೆಯ ಕಾರುಗಳಲ್ಲೂ ಅಷ್ಟು ಜಾಗ ಸಿಗುವುದಿಲ್ಲ. ಕಾಯಿಮೂಟೆಯನ್ನು ಅಡ್ಡ ಮಲಗಿಸಿ, ಅದರ ಪಕ್ಕ ಬಾಳೆಗೊನೆ ನಿಲ್ಲಿಸಿ, ಮೇಲೆ ಬಟ್ಟೆಯ ಬ್ಯಾಗುಗಳನ್ನಿಟ್ಟರೂ ಡಿಕ್ಕಿಯ ಬಾಗಿಲು ತಡೆಯಿಲ್ಲದೆ ಕೂರುತ್ತದೆ. ತುಮಕೂರು ರಸ್ತೆಯಲ್ಲಿ ಹಳದಿ ಬೋರ್ಡಿನ ಎಟಿಯೋಸ್ ಇಷ್ಟೊಂದು ಓಡಾಡಿದ್ದಕ್ಕೆ ಈ ಡಿಕ್ಕಿ, 1,364 ಸಿಸಿಯ ಡೀಸೆಲ್ ಎಂಜಿನ್ ಎರಡೂ ಕಾರಣ.

ಬಿಡದಿಯ ಎಟಿಯೋಸ್ 2012ರಿಂದ ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಅದೇ ವರ್ಷ ಬ್ರೆಜಿಲ್‌ನ ಸೊರೊಕಾಬಾ ಕಾರ್ಖಾನೆಯಲ್ಲಿ ಎಟಿಯೋಸ್ ತಯಾರಿ ಶುರುವಾಯಿತು. ಅಲ್ಲಿ ಪೆಟ್ರೋಲೂ ಕಬ್ಬಿನ ಎಥನಾಲೂ ಎರಡನ್ನೂ ಕುಡಿಯುವ ಎಂಜಿನ್ ಹಾಕಿದರು. ಇಂಡೋನೇಷ್ಯಾದಲ್ಲಿ ಹ್ಯಾಚ್‌ಬ್ಯಾಕ್ ರೂಪ ‘ಎಟಿಯೋಸ್ ವಾಲ್ಕೊ’ ಆಯಿತು, ನಮ್ಮಲ್ಲಿ ಅದೇ ‘ಲಿವಾ’. ಭಾರತದಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಎಟಿಯೋಸ್ ನಿಂತಿತು.

ಎಟಿಯೋಸ್ ಇನ್ನೂ ಓಡುತ್ತಿರುವಾಗಲೇ, 2018ರಲ್ಲಿ, ಬಿಡದಿಯಿಂದ ಇನ್ನೊಂದು ಸೆಡಾನ್ ಹೊರಟಿತ್ತು: ಯಾರಿಸ್. ಹೆಸರು ಹಲವಾಗುವ ಕಥೆಯಲ್ಲಿ ಇದರಷ್ಟು ಸೊಗಸಾದ ಉದಾಹರಣೆ ಇನ್ನೊಂದಿಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1999ರಲ್ಲಿ ಟೊಯೊಟಾ ಒಂದು ಸಣ್ಣ ಸೆಡಾನ್ ಮಾಡಿತು. ಜಪಾನಿನಲ್ಲಿ ಅದರ ಹೆಸರು ಪ್ಲಾಟ್ಜ್, ಅಮೆರಿಕ ಮತ್ತು ಆಸ್ಟ್ರೇಲಿಯಾದಲ್ಲಿ ಎಕೋ. 2002ರಲ್ಲಿ ಥಾಯ್ಲೆಂಡಿನ ಮಾರುಕಟ್ಟೆಗೆ ವಿಯೋಸ್ ಎಂಬ ಸೆಡಾನ್ ಬಂತು. 2005ರಲ್ಲಿ ಮುಂದಿನ ಪೀಳಿಗೆ ಬಂದಾಗ ಒಂದೇ ಕಾರು ಜಪಾನಿನಲ್ಲಿ ಬೆಲ್ಟಾ, ಆಗ್ನೇಯ ಏಷ್ಯಾದಲ್ಲಿ ವಿಯೋಸ್, ಅಮೆರಿಕದಲ್ಲಿ ಯಾರಿಸ್ ಸೆಡಾನ್ ಆಯಿತು. 2013ರಲ್ಲಿ ಮತ್ತೊಂದು ವಿಯೋಸ್. ಅದನ್ನೇ ತಿದ್ದಿ ತೀಡಿ 2017ರಲ್ಲಿ ಥಾಯ್ಲೆಂಡ್ ‘ಯಾರಿಸ್ ಆಟಿವ್’ ಎಂದಿತು. ಅದರ ಮರುವರ್ಷ ಬಿಡದಿಯಲ್ಲಿ ತಯಾರಾಗಿ ನಮ್ಮ ಷೋರೂಮಿಗೆ ಯಾರಿಸ್ ಎಂಬ ಹೆಸರಲ್ಲಿ ಬಂದದ್ದೂ ಈ ವಂಶದ್ದೇ. ಮನಿಲಾದ ಟ್ಯಾಕ್ಸಿ ಚಾಲಕ ವಿಯೋಸ್ ಎಂದು ಕರೆಯುವ ಕಾರಿನ ಅಣ್ಣತಮ್ಮ ಕೆಎ-44 ನಂಬರ್ ಹೊತ್ತು ತಿಪಟೂರಿನಲ್ಲಿ ಓಡಾಡುತ್ತಿರಬಹುದು.

ಒಳ್ಳೆಯ ಕಾರು ಅದು. ಎಲ್ಲ ಮಾದರಿಗಳಲ್ಲೂ ಏಳು ಏರ್‌ಬ್ಯಾಗ್ ಕೊಟ್ಟಿದ್ದರು; ಆ ದರ್ಜೆಯಲ್ಲಿ ಆಗ ಅದು ಅಪರೂಪ. ಆದರೂ ಮಾರಾಟ ಕೈಗೂಡಲಿಲ್ಲ, 2021ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿಬಿಟ್ಟರು. ‘ನಿಂತುಹೋದ ಗಾಡಿ’ ಎಂಬ ಮಾತು ಹಬ್ಬಿದೊಡನೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೊಳ್ಳುವವರು ಹಿಂಜರಿಯುತ್ತಾರೆ, ಬೆಲೆ ಇಳಿಯುತ್ತದೆ. ಇಲ್ಲಿಯೇ ತಿಳಿದವರಿಗೂ ತಿಳಿಯದವರಿಗೂ ವ್ಯತ್ಯಾಸ ಕಾಣುವುದು. ಯಾರಿಸ್‌ನ ಪೆಟ್ರೋಲ್ ಎಂಜಿನ್ 1,496 ಸಿಸಿ. ಎಟಿಯೋಸ್ ಪೆಟ್ರೋಲ್ ಕೂಡ 1,496 ಸಿಸಿ. ಎರಡೂ ಒಂದೇ ಎಂಜಿನ್ ಕುಟುಂಬದ್ದು. ಯಾರಿಸ್‌ನಲ್ಲಿ ಅದನ್ನು ಇನ್ನಷ್ಟು ಪಳಗಿಸಿ ಶಕ್ತಿ ಹೆಚ್ಚಿಸಿದ್ದಾರೆ. ಕಾರಿನ ಹೆಸರು ನಿಂತಿದೆ, ಕಂಪನಿ ನಿಂತಿಲ್ಲ, ಸರ್ವೀಸ್ ಸೆಂಟರ್ ನಿಂತಿಲ್ಲ.

ಅಂದಮಾತ್ರಕ್ಕೆ ಹೆಸರು ಒಂದೇ ಇದ್ದರೆ ಕಾರೂ ಒಂದೇ ಎಂದುಕೊಳ್ಳುವುದೂ ತಪ್ಪಾದೀತು. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳ ಹುಡುಗರು ಅಮೆರಿಕದಲ್ಲಿದ್ದಾರೆ. ಅವರಲ್ಲೊಬ್ಬ ‘ನನ್ನ ಹತ್ತಿರ ಯಾರಿಸ್ ಇತ್ತು, ಚಿನ್ನದಂಥ ಗಾಡಿ, ಕಣ್ಣುಮುಚ್ಚಿ ತಗೊಳ್ಳಿ’ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದರೆ ಆ ಮಾತು ಬಿಡದಿಯ ಯಾರಿಸ್‌ಗೆ ಅನ್ವಯಿಸಲಿಕ್ಕಿಲ್ಲ. ಅಲ್ಲಿ 2015ರಲ್ಲಿ ಸೈಯಾನ್ ಐಎ ಎಂದು ಬಂದು, ಮುಂದೆ ಟೊಯೊಟಾ ಯಾರಿಸ್ ಐಎ, ಕೊನೆಗೆ ಬರೀ ಯಾರಿಸ್ ಆದ ಸೆಡಾನ್ ಅಸಲಿಗೆ ಮಜ್ದಾ 2. ಮೆಕ್ಸಿಕೋದ ಸಲಮಾಂಕಾದಲ್ಲಿರುವ ಮಜ್ದಾ ಕಾರ್ಖಾನೆಯಲ್ಲಿ ತಯಾರಾದದ್ದು. ಎಂಜಿನ್ ಮಜ್ದಾದ್ದು, ಗೇರ್‌ಬಾಕ್ಸ್ ಮಜ್ದಾದ್ದು. ಯುರೋಪಿನ ಯಾರಿಸ್ ಇನ್ನೂ ಬೇರೆ. ಅದು ಫ್ರಾನ್ಸಿನಲ್ಲಿ ತಯಾರಾಗುವ ಹ್ಯಾಚ್‌ಬ್ಯಾಕ್. ಸ್ಕೋಡಾ ರ‍್ಯಾಪಿಡ್ ವಿಷಯದಲ್ಲೂ ಹೀಗೆಯೇ. ಯುರೋಪಿನಲ್ಲಿ ರ‍್ಯಾಪಿಡ್ ಎಂದು ಮಾರಿದ್ದು ಒಂದು ಕಾರು, ಪುಣೆ ಬಳಿಯ ಚಾಕಣದಲ್ಲಿ ರ‍್ಯಾಪಿಡ್ ಎಂದು ಮಾಡಿದ್ದು ಇನ್ನೊಂದು. ನಮ್ಮ ರ‍್ಯಾಪಿಡ್ ಹುಟ್ಟಿದ್ದು ಫೋಕ್ಸ್‌ವ್ಯಾಗನ್ ವೆಂಟೋದಿಂದ, ಆ ವೆಂಟೋ ಹೊರದೇಶಗಳಲ್ಲಿ ಪೋಲೋ ಸೆಡಾನ್.

ಇಂಥ ಗೊಂದಲ ಬಿಡಿಸಲು ಜಗತ್ತಿಗೆಲ್ಲ ಒಪ್ಪಿಗೆಯಾದ ಒಂದು ಸಾಧನವಿದೆ. ಚಾಸಿ ನಂಬರ್. 17 ಅಕ್ಷರ-ಅಂಕಿಗಳ ಸಾಲು. 1 ಮತ್ತು 0 ಜೊತೆ ಕಲಸಿಹೋಗಬಾರದೆಂದು ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಮೊದಲ ಮೂರು ಗುರುತು ಯಾವ ದೇಶ, ಯಾವ ತಯಾರಕ ಎಂದು ಹೇಳುತ್ತವೆ. ಎಂಬಿಜೆ ಎಂದಿದ್ದರೆ ಟೊಯೊಟಾ ಕಿರ್ಲೋಸ್ಕರ್, ಎಂಎ1 ಮಹೀಂದ್ರಾ, ಎಂಎ3 ಮಾರುತಿ ಸುಜುಕಿ, ಎಂಎಎಲ್ ಹ್ಯುಂಡೈ. ಆ ಅಮೆರಿಕದ ಹುಡುಗ ತನ್ನ ಯಾರಿಸ್ ಐಎ ಕಾಗದ ತೆಗೆದು ನೋಡಿದರೆ ನಂಬರ್ 3ರಿಂದ ಶುರುವಾಗಿರುತ್ತದೆ, ಅಂದರೆ ಮೆಕ್ಸಿಕೋ. ನಮ್ಮ ಆರ್‌ಸಿ ಕಾರ್ಡಿನಲ್ಲಿ ಚಾಸಿ ನಂಬರ್ ಇದ್ದೇ ಇರುತ್ತದೆ. ಗಾಡಿಯ ಮೇಲೆ ಅದನ್ನು ಕೊರೆದ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಬಾನೆಟ್ ಎತ್ತಿದಾಗ ಕಾಣಬಹುದು, ಮುಂದಿನ ಸೀಟಿನ ಬಳಿ ನೆಲಹಾಸು ಸರಿಸಿದಾಗ ಕಾಣಬಹುದು. ಧೂಳು ಒರೆಸಿ, ಮೊಬೈಲ್ ಟಾರ್ಚ್ ಹಾಕಿ, ಕಾರ್ಡಿನ ನಂಬರ್ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಒಂದು ಅಕ್ಷರ ತಪ್ಪಿದ್ದರೂ, ಕೊರೆದ ಜಾಗದ ಸುತ್ತ ಉಜ್ಜಿದ ಗುರುತಿದ್ದರೂ ಆ ಗಾಡಿ ಬೇಡವೇ ಬೇಡ.

ಚಾಸಿ ನಂಬರ್ ತಯಾರಕನನ್ನು ಹೇಳುತ್ತದೆ, ನೆಂಟಸ್ತಿಕೆಯನ್ನು ಹೇಳುವುದಿಲ್ಲ. ನೆಂಟಸ್ತಿಕೆ ತಿಳಿಯಲು ಅದೇ ಆರ್‌ಸಿಯಲ್ಲಿ ಇನ್ನೊಂದು ಅಂಕಿ ಇದೆ, ಯಾರೂ ಗಮನಿಸದ ಅಂಕಿ: ಸಿಸಿ.

1,461 ಎಂದಿದ್ದರೆ ನೀವು ನೋಡುತ್ತಿರುವುದು ರೆನೋ ಕಂಪನಿಯ ಕೆ9ಕೆ ಡೀಸೆಲ್ ಎಂಜಿನ್. ಇದರ ಹಿಂದಿನ ಕಥೆ ಹೇಳಲೇಬೇಕು. 2004ರಲ್ಲಿ ರುಮೇನಿಯಾ ದೇಶದಲ್ಲಿ ರೆನೋದ ಅಂಗಸಂಸ್ಥೆ ಡಾಸಿಯಾ, ಲೋಗನ್ ಎಂಬ ಅಗ್ಗದ, ಗಟ್ಟಿಮುಟ್ಟಾದ ಸೆಡಾನ್ ತಂದಿತು. ಇರಾನಿನಲ್ಲಿ ಅದು ತೊಂದರ್ 90, ಮೆಕ್ಸಿಕೋದಲ್ಲಿ ನಿಸ್ಸಾನ್ ಆಪ್ರಿಯೋ, ಬ್ರೆಜಿಲ್‌ನಲ್ಲಿ ರೆನೋ ಲೋಗನ್. ಭಾರತಕ್ಕೆ 2007ರಲ್ಲಿ ಮಹೀಂದ್ರಾ ರೆನೋ ಲೋಗನ್ ಎಂದು ಬಂತು, ನಾಸಿಕ್‌ನಲ್ಲಿ ತಯಾರಾಯಿತು. 2010ರಲ್ಲಿ ರೆನೋ ಪಾಲುದಾರಿಕೆಯಿಂದ ಹೊರನಡೆಯಿತು, 2011ರಲ್ಲಿ ಮಹೀಂದ್ರಾ ಅದೇ ಕಾರನ್ನು ವೆರಿಟೊ ಎಂದು ಕರೆಯಿತು. ಇತ್ತ ಚೆನ್ನೈ ಬಳಿಯ ಒರಗಡಂನಲ್ಲಿ ನಿಸ್ಸಾನ್ ಮತ್ತು ರೆನೋ ಕೂಡಿ ಕಟ್ಟಿದ ಕಾರ್ಖಾನೆಯಿಂದ 2011ರಲ್ಲಿ ನಿಸ್ಸಾನ್ ಸನ್ನಿ ಹೊರಬಂತು. ಅಮೆರಿಕದಲ್ಲಿ ಅದು ವರ್ಸಾ, ಥಾಯ್ಲೆಂಡಿನಲ್ಲಿ ಆಲ್ಮೆರಾ, ಜಪಾನಿನಲ್ಲಿ ಲಾಟಿಯೋ. 2012ರಲ್ಲಿ ಮೂತಿ ಮತ್ತು ದೀಪ ಬದಲಿಸಿ ರೆನೋ ಅದನ್ನೇ ಸ್ಕಾಲಾ ಎಂದು ಮಾರಿತು. ವೆರಿಟೊ, ಸನ್ನಿ, ಸ್ಕಾಲಾ ಮೂರರ ಡೀಸೆಲ್ ರೂಪದಲ್ಲೂ ಇದ್ದದ್ದು 1,461 ಸಿಸಿಯ ಈ ಎಂಜಿನ್ನೇ. ಡಸ್ಟರ್‌ನಲ್ಲೂ ಇದೇ, ಟೆರಾನೋದಲ್ಲೂ ಇದೇ. ಯುರೋಪಿನಲ್ಲಿ ಮರ್ಸಿಡಿಸ್ ಎ-ಕ್ಲಾಸ್‌ನ ಕಡಿಮೆ ಶಕ್ತಿಯ ಡೀಸೆಲ್ ಕಾರುಗಳಿಗೂ ರೆನೋದ ಈ ಎಂಜಿನ್ ಹೋಗಿದೆ.

ಹೀಗಿರುವಾಗ ಸ್ಕಾಲಾ ಎಂಬ ಹೆಸರು ಕೇಳಿ ‘ಇದಕ್ಕೆ ಪಾರ್ಟ್ಸ್ ಎಲ್ಲಿ ಸಿಗುತ್ತೆ’ ಎಂದು ಹೆದರಿ ಓಡಬೇಕಾಗಿಲ್ಲ. ಡಸ್ಟರ್ ಓಡುವ ಊರಿನಲ್ಲಿ ಅದರ ಎಂಜಿನ್ ಸಾಮಾನು ಸಿಗುತ್ತದೆ. ಒಂದನ್ನು ಮಾತ್ರ ನೋಡಲೇಬೇಕು. ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ರಬ್ಬರಿನದು. ಕ್ರ್ಯಾಂಕ್ ತಿರುಗುವುದಕ್ಕೂ ಮೇಲಿನ ವಾಲ್ವ್ ತೆರೆದು ಮುಚ್ಚುವುದಕ್ಕೂ ತಾಳ ಕಾಯುವುದು ಈ ಬೆಲ್ಟೇ. ಕಂಪನಿ ಹೇಳಿದ ಅವಧಿಗೆ ಬದಲಿಸಲೇಬೇಕು. ಓಡುವಾಗ ಅದು ಹರಿದರೆ ಪಿಸ್ಟನ್ ಮೇಲೆದ್ದು ವಾಲ್ವ್‌ಗೆ ಬಡಿದು ಎಂಜಿನ್ ತಲೆಯೇ ಬಿಚ್ಚಬೇಕಾಗುತ್ತದೆ, ಹಳೇ ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಮಾರುವವನು ‘ಎಂಜಿನ್ ಸೌಂಡ್ ಕೇಳಿ ಸಾರ್, ಬೆಣ್ಣೆ’ ಎನ್ನುತ್ತಾನೆ. ಬೆಲ್ಟಿನ ಆಯಸ್ಸು ಸೌಂಡಿನಲ್ಲಿ ಗೊತ್ತಾಗುವುದಿಲ್ಲ. ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬೆಲ್ಟು, ಟೆನ್ಷನರ್, ಕೂಲಿ ಸೇರಿಸಿ ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಂಡು, ಗಾಡಿ ಮನೆಗೆ ತರುವ ಮೊದಲೇ ಗ್ಯಾರೇಜಿಗೆ ಬಿಡಿ. ಎಟಿಯೋಸ್‌ನ 1,364 ಸಿಸಿ ಡೀಸೆಲ್‌ನಲ್ಲಿ ಬೆಲ್ಟಿನ ಬದಲು ಟೈಮಿಂಗ್ ಚೈನ್ ಇರುವುದರಿಂದ ಈ ಚಿಂತೆ ಕಡಿಮೆ.

ಆರ್‌ಸಿಯಲ್ಲಿ 1,248 ಕಂಡರೆ ಅದು ಇಟಲಿಯ ಫಿಯೆಟ್ ಕಂಪನಿಯ ಮಲ್ಟಿಜೆಟ್ ವಂಶ. ಮಾರುತಿ ಡಿಜೈರ್‌ನಲ್ಲಿ ಡಿಡಿಐಎಸ್, ಟಾಟಾ ಮಾಂಜಾದಲ್ಲಿ ಕ್ವಾಡ್ರಾಜೆಟ್, ಷೆವ್ರೊಲೆಟ್ ಸೇಲ್‌ನಲ್ಲಿ ಸ್ಮಾರ್ಟೆಕ್, ಫಿಯೆಟ್ ಲಿನಿಯಾದಲ್ಲಿ ತನ್ನದೇ ಹೆಸರು. ಇದಕ್ಕೂ ಚೈನ್. ಷೆವ್ರೊಲೆಟ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫಿಯೆಟ್‌ನ ಕಾರುಗಳೂ ನಿಂತವು. ಆದರೆ ಡಿಜೈರ್ ಡೀಸೆಲ್ ಬಿಚ್ಚಿ ಜೋಡಿಸಿದ ಕೈಗೆ ಈ ಎಂಜಿನ್‌ಗಳ ಹೊಟ್ಟೆ ಹೊಸದೇನಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲೋ ಹುಳಿಯಾರಿನಲ್ಲೋ ಒಬ್ಬ ಅನುಭವಿ ಮೆಕ್ಯಾನಿಕ್ ಇದ್ದರೆ ಸಾಕು.

ಇದರಲ್ಲಿ ಒಂದು ಎಚ್ಚರಿಕೆ ಇದೆ. ಒಂದೇ ಎಂಜಿನ್ ಎಂದರೆ ಎಲ್ಲವೂ ಒಂದೇ ಎಂದಲ್ಲ. ಟರ್ಬೊ ಬೇರೆಯಿರಬಹುದು, ಇಸಿಯು ಬೇರೆಯಿರಬಹುದು, ಎಂಜಿನ್ ಕೂರಿಸುವ ಮೌಂಟಿಂಗ್ ಬೇರೆಯಿರಬಹುದು. ಇನ್ನು ಹೊರಗಿನ ಅಂಗಗಳಂತೂ ಹೆಸರು ಬದಲಾದಾಗ ಮೊದಲು ಬದಲಾಗುವವೇ: ಗ್ರಿಲ್, ಬಂಪರ್, ಹೆಡ್‌ಲೈಟ್, ಡಿಕ್ಕಿ ಬಾಗಿಲಿನ ದೀಪ. ಸನ್ನಿ ಮತ್ತು ಸ್ಕಾಲಾದ ಬಾಗಿಲು, ಛಾವಣಿ, ಗಾಜು ಒಂದೇ, ಮುಖ ಬೇರೆ. ರಾತ್ರಿ ತೋಟದ ರಸ್ತೆಯಲ್ಲಿ ಎಮ್ಮೆಗೋ ಹಂದಿಗೋ ಗುದ್ದಿದಾಗ ಒಡೆಯುವುದು ಆ ಮುಖವೇ. ಕಡಿಮೆ ಮಾರಾಟವಾಗಿ ನಿಂತುಹೋದ ಕಾರಿನ ಹೆಡ್‌ಲೈಟಿಗೆ ವಾರಗಟ್ಟಲೆ ಕಾಯಬೇಕಾದೀತು. ಹಾಗಾಗಿ ಇಂಥ ಕಾರು ಕೊಳ್ಳುವವರು ಎಂಜಿನ್ ವಿಷಯದಲ್ಲಿ ಧೈರ್ಯವಾಗಿರಲಿ, ಮುಂಭಾಗದ ದೀಪ, ಬಂಪರ್, ಮುಂಗಾಜು ಸರಿಯಾಗಿರುವ ಗಾಡಿಯನ್ನೇ ಆರಿಸಲಿ.

ಕಂಪನಿಗಳು ಒಂದೇ ಕಾರನ್ನು ಯಾಕೆ ಹೀಗೆ ಹಲವು ಹೆಸರಲ್ಲಿ ಮಾರುತ್ತವೆ? ಮುಖ್ಯ ಕಾರಣ ದುಡ್ಡು. ಬಾಗಿಲು, ಛಾವಣಿಯಂಥ ತಗಡಿನ ಅಂಗಗಳನ್ನು ಅಚ್ಚೊತ್ತುವ ಡೈಗಳು, ಎಂಜಿನ್ ಅಭಿವೃದ್ಧಿ, ಅಪಘಾತ ಪರೀಕ್ಷೆ ಎಲ್ಲವೂ ಭಾರಿ ಖರ್ಚಿನವು. ಒಂದೇ ಅಚ್ಚಿನಿಂದ ಹೆಚ್ಚು ಕಾರು ತೆಗೆದಷ್ಟೂ ಒಂದೊಂದರ ಮೇಲಿನ ಖರ್ಚು ಇಳಿಯುತ್ತದೆ. ಒಂದು ದೇಶದಲ್ಲಿ ಇನ್ನೊಬ್ಬರು ಮೊದಲೇ ನೋಂದಾಯಿಸಿದ ಹೆಸರನ್ನು ಬಳಸುವಂತಿಲ್ಲ. ಇನ್ನೊಂದು ದೇಶದಲ್ಲಿ ಹಳೇ ಹೆಸರಿಗೆ ಒಳ್ಳೇ ಗೌರವವಿರುತ್ತದೆ, ಅದನ್ನೇ ಹೊಸ ಕಾರಿಗೆ ಹೊದಿಸುತ್ತಾರೆ. ಬೆಲ್ಟಾ ಎಂಬ ಹೆಸರನ್ನೇ ನೋಡಿ: ಜಪಾನಿನಲ್ಲಿ 2012ಕ್ಕೆ ನಿಂತ ಆ ಹೆಸರು ಹತ್ತು ವರ್ಷದ ಮೇಲೆ ಮತ್ತೆ ಬಂತು, ಭಾರತದಲ್ಲಿ ತಯಾರಾದ ಮಾರುತಿ ಸಿಯಾಜ್‌ಗೆ ಟೊಯೊಟಾ ಲಾಂಛನ ಹಚ್ಚಿ ಗಲ್ಫ್ ಮತ್ತು ಆಫ್ರಿಕಾಕ್ಕೆ ಕಳಿಸುವಾಗ. ಟೊಯೊಟಾ ಮತ್ತು ಸುಜುಕಿ ಭಾರತದಲ್ಲಿ ಪರಸ್ಪರ ಕಾರು ಪೂರೈಸಲು 2018ರಲ್ಲಿ ಒಪ್ಪಂದ ಮಾಡಿಕೊಂಡವು. 2019ರಲ್ಲಿ ಮಾರುತಿ ಬಲೆನೋ ಟೊಯೊಟಾ ಗ್ಲಾನ್ಜಾ ಆಯಿತು, ದಕ್ಷಿಣ ಆಫ್ರಿಕಾದಲ್ಲಿ ಅದೇ ಸ್ಟಾರ್ಲೆಟ್. ತಿರುಗುಮುರುಗಾಗಿ, ಮಾರುತಿ ಷೋರೂಮಿನ ಗ್ರ್ಯಾಂಡ್ ವಿಟಾರಾ ತಯಾರಾದದ್ದು ನಮ್ಮ ಬಿಡದಿಯಲ್ಲಿ.

ಇದು ಇಂದು ನಿನ್ನೆಯ ಪದ್ಧತಿಯೂ ಅಲ್ಲ. ನಮ್ಮೂರ ಡಾಕ್ಟರುಗಳು, ಕೊಬ್ಬರಿ ಮಂಡಿ ಮಾಲೀಕರು ಒಂದು ಕಾಲದಲ್ಲಿ ಇಟ್ಟುಕೊಂಡಿದ್ದ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್ 1100. 1990ರಲ್ಲಿ ಬಂದ ಮಾರುತಿ 1000, 1994ರಲ್ಲಿ ಬಂದ ಎಸ್ಟೀಮ್ ಎರಡೂ ಸುಜುಕಿ ಕಲ್ಟಸ್ ಸೆಡಾನ್. ಪಾಕಿಸ್ತಾನದಲ್ಲಿ ಅದೇ ಕಾರಿಗೆ ಮಾರ್ಗಲ್ಲಾ ಎಂಬ ಬೆಟ್ಟಸಾಲಿನ ಹೆಸರು. ಅಮೆರಿಕದಲ್ಲಿ ‘ಸುಜುಕಿ ಎಸ್ಟೀಮ್’ ಎಂದು ಮಾರಿದ್ದು ಮಾತ್ರ ನಮ್ಮ ಎಸ್ಟೀಮ್ ಅಲ್ಲ, ನಾವು ಮುಂದೆ ಬಲೆನೋ ಸೆಡಾನ್ ಎಂದು ಕಂಡ ಕಾರು.

ಹೆಸರಿನ ಈ ಆಟದಲ್ಲಿ ನನಗೆ ನಿಜವಾಗಿ ನೋವು ತರುವ ಭಾಗ ಸುರಕ್ಷತೆಯದು. ಮೆಕ್ಸಿಕೋದಲ್ಲಿ ನಿಸ್ಸಾನ್ ತ್ಸುರು ಎಂಬ ಸಣ್ಣ ಸೆಡಾನ್ ಇತ್ತು. 1990ರ ದಶಕದ ಆರಂಭದ ಸನ್ನಿ ಅದು, ಅಮೆರಿಕದಲ್ಲಿ ಸೆಂಟ್ರಾ. ಅಮೆರಿಕದಲ್ಲಿ ಆ ಪೀಳಿಗೆ ಯಾವತ್ತೋ ಹಳತಾಗಿ ಹೋಗಿದ್ದರೂ ಮೆಕ್ಸಿಕೋದಲ್ಲಿ ಏರ್‌ಬ್ಯಾಗ್ ಇಲ್ಲದೆಯೇ ಹೊಸದಾಗಿ ಮಾರುತ್ತಲೇ ಇದ್ದರು. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಕಾರುಗಳ ಅಪಘಾತ ಸುರಕ್ಷತೆಯನ್ನು ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಮತ್ತು ಅದರ ಜೊತೆಗಾರ ಸಂಸ್ಥೆಗಳು ಮೆಕ್ಸಿಕೋದ ಅತಿ ಅಗ್ಗದ ಸೆಡಾನ್ ತ್ಸುರುವನ್ನೂ ಅದೇ ನಿಸ್ಸಾನ್ ಅಮೆರಿಕದಲ್ಲಿ ಮಾರುತ್ತಿದ್ದ ಅತಿ ಅಗ್ಗದ ಸೆಡಾನ್ ವರ್ಸಾವನ್ನೂ ಮುಖಾಮುಖಿ ಗುದ್ದಿಸಿದವು. ತ್ಸುರುವಿನ ಚಾಲಕನ ಜಾಗ ನಜ್ಜುಗುಜ್ಜಾಯಿತು. ವರ್ಸಾದ ಒಳಗೆ ಚಾಲಕ ಬದುಕುಳಿಯುವಷ್ಟು ಜಾಗ ಉಳಿದಿತ್ತು. 2017ರ ಮೇ ತಿಂಗಳಲ್ಲಿ ತ್ಸುರು ತಯಾರಿ ನಿಂತಿತು. ಒಂದೇ ಲಾಂಛನ, ಗಡಿಯ ಆಚೆ ಒಂದು ಜೀವಕ್ಕೆ ಒಂದು ಬೆಲೆ, ಈಚೆ ಇನ್ನೊಂದು ಬೆಲೆ.

ನಮ್ಮಲ್ಲೂ ಹಳೇ ಸೆಡಾನ್‌ಗಳ ಕೆಳದರ್ಜೆಯ ಮಾದರಿಗಳಲ್ಲಿ ಏರ್‌ಬ್ಯಾಗ್ ಇರುತ್ತಿರಲಿಲ್ಲ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಎಟಿಯೋಸ್ ಅಕ್ಕಪಕ್ಕ ನಿಂತಿದ್ದರೆ ಒಂದರಲ್ಲಿ ಎರಡು ಏರ್‌ಬ್ಯಾಗ್ ಇದ್ದು ಇನ್ನೊಂದರಲ್ಲಿ ಒಂದೂ ಇಲ್ಲದಿರಬಹುದು. ಗ್ಲೋಬಲ್ ಎನ್‌ಸಿಎಪಿ 2016ರಲ್ಲಿ ಎಟಿಯೋಸ್‌ಗೆ ಕೊಟ್ಟ ನಾಲ್ಕು ನಕ್ಷತ್ರ ಏರ್‌ಬ್ಯಾಗ್ ಇರುವ ಕಾರಿಗೆ ಸಂದದ್ದು. ಸ್ಟೀರಿಂಗ್ ನಡುವೆ, ಎಡಗಡೆಯ ಡ್ಯಾಶ್‌ಬೋರ್ಡಿನ ಮೇಲೆ ಎಸ್‌ಆರ್‌ಎಸ್ ಎಂಬ ಮೂರಕ್ಷರ ಇದೆಯೇ ನೋಡಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತಿಯೇ ಉಳಿದರೆ ಏನೋ ಕೆಟ್ಟಿದೆ, ಹತ್ತಲೇ ಇಲ್ಲವೆಂದರೆ ಯಾರೋ ಕೈಯಾಡಿಸಿರಬಹುದು. ಪರದೇಶದ ಪರೀಕ್ಷೆಯ ನಕ್ಷತ್ರಗಳನ್ನು ನಮ್ಮ ಕಾರಿಗೆ ಎರವಲು ತರಬೇಡಿ. ಭಾರತದ್ದೇ ಪರೀಕ್ಷೆ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. ಹೊಸ ಕಾರು ಕೊಳ್ಳುವವರು ಅದರ ಫಲಿತಾಂಶ ಕೇಳಲಿ.

ಹೆಸರು ಒಂದೇ ಆದಮಾತ್ರಕ್ಕೆ ದೋಷವೂ ಒಂದೇ ಆಗಿರಬೇಕಿಲ್ಲ; ಹೆಸರು ಬೇರೆಯಾದರೂ ದೋಷ ಹಂಚಿಕೊಂಡು ಬರಬಹುದು. 2023ರ ಏಪ್ರಿಲ್‌ನಲ್ಲಿ ಜಪಾನಿನ ದೈಹತ್ಸು ಕಂಪನಿ, ತಾನು ರೂಪಿಸಿದ ಹೊಸ ಪೀಳಿಗೆಯ ಯಾರಿಸ್ ಆಟಿವ್‌ನ ಪಕ್ಕದಿಂದ ಗುದ್ದಿಸುವ ಪರೀಕ್ಷೆಯಲ್ಲಿ ಬಾಗಿಲಿನ ಒಳಪದರವನ್ನು ತಿದ್ದಿ ಅಕ್ರಮ ಎಸಗಿದ್ದೇವೆಂದು ಒಪ್ಪಿಕೊಂಡಿತು. ಬಿಡದಿಯ ಯಾರಿಸ್ ಅದಕ್ಕೂ ಹಿಂದಿನ ಪೀಳಿಗೆಯದು, ಆ ಹಗರಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಯಾರಿಸ್ ಇಟ್ಟುಕೊಂಡು ಸುದ್ದಿಯಲ್ಲಿ ಯಾರಿಸ್ ಎಂದು ಓದಿದವರಿಗೆ ಎದೆ ಧಸಕ್ಕೆಂದಿದ್ದರೆ ತಪ್ಪೇನಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಅದೇ ವರ್ಷದ ಜನವರಿಯಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ತಪಾಸಣೆಗೆಂದು ಮಾರುತಿ 17,362 ಕಾರುಗಳನ್ನು ವಾಪಸ್ ಕರೆದಾಗ, ಟೊಯೊಟಾ ಕೂಡ ಗ್ಲಾನ್ಜಾ ಮತ್ತು ಹೈರೈಡರ್‌ಗಳಲ್ಲಿ 1,390 ಕಾರುಗಳನ್ನು ಕರೆಯಿತು. ಬಲೆನೋ ಕರೆದರೆ ಗ್ಲಾನ್ಜಾ ಇಟ್ಟುಕೊಂಡವರು ಕಿವಿಗೊಡಬೇಕು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ನಮ್ಮ ಹಳ್ಳಿಗಳ ಕಷ್ಟ ಇರುವುದು ಇಲ್ಲಿ. ಕಂಪನಿ ಕಳಿಸುವ ರೀಕಾಲ್ ಪತ್ರ, ಮೆಸೇಜು ಮೊದಲ ಮಾಲೀಕನ ವಿಳಾಸಕ್ಕೆ ಹೋಗುತ್ತದೆ. ಅವನು ಬೆಂಗಳೂರಿನ ರಾಜಾಜಿನಗರದಲ್ಲಿರಬಹುದು, ಕಾರು ನೊಣವಿನಕೆರೆಯಲ್ಲಿರುತ್ತದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಡ್ಡಾಯ ರೀಕಾಲ್ ನಿಯಮವೂ ಏಳು ವರ್ಷದೊಳಗಿನ ವಾಹನಗಳಿಗಷ್ಟೇ. ನಮ್ಮಲ್ಲಿ ಕೈ ಬದಲಾಗುವ ಎಟಿಯೋಸ್, ವೆರಿಟೊ, ಸನ್ನಿ, ಸ್ಕಾಲಾಗಳಲ್ಲಿ ಹೆಚ್ಚಿನವು ಆ ವಯಸ್ಸು ದಾಟಿದವು. ಹಳೇ ಕಾರು ಓಡಿಸುವವರೇ ಹೆಚ್ಚು ಅಪಾಯದಲ್ಲಿರುವಾಗ ಕಾನೂನಿನ ರಕ್ಷಣೆ ಏಳನೇ ವರ್ಷಕ್ಕೆ ನಿಲ್ಲುವುದು ನ್ಯಾಯವಲ್ಲ, ಈ ಮಿತಿಯನ್ನು ಸರ್ಕಾರ ಮರುಪರಿಶೀಲಿಸಬೇಕು. ಅಲ್ಲಿಯತನಕ ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು. ಕಾರು ಕೊಂಡ ವಾರದಲ್ಲೇ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಆ ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿ ರೀಕಾಲ್ ಬಾಕಿ ಇದೆಯೇ ನೋಡಿ; ಮನೆಯ ಕಾಲೇಜು ಹುಡುಗಿ ಎರಡು ನಿಮಿಷದಲ್ಲಿ ನೋಡಿ ಹೇಳುತ್ತಾಳೆ. ವೆಬ್‌ಸೈಟಿನಲ್ಲಿ ಸಿಗದಿದ್ದರೆ ಸರ್ವೀಸ್ ಸೆಂಟರಿಗೆ ಫೋನ್ ಮಾಡಿ 17 ಅಕ್ಷರಗಳನ್ನೂ ಓದಿ ಹೇಳಿ, ನಿಮ್ಮ ಈಗಿನ ಮೊಬೈಲ್ ನಂಬರನ್ನು ಆ ಚಾಸಿ ನಂಬರ್ ಎದುರು ಬರೆಸಿಕೊಳ್ಳಿ. ಬಾಕಿ ಇದ್ದರೆ ಆ ದುರಸ್ತಿಗೆ ಹಣ ಕೊಡಬೇಕಾಗಿಲ್ಲ.